ಕೈ ತಾಗಲಿಲ್ಲ

ಸಂಶಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಗೊಬ್ಬರದ ಅಂಗಡಿಗೂ ಮೊಬೈಲ್ ರಿಪೇರಿಯವನ ಗೂಡಿಗೂ ನಡುವೆ, ಮಲ್ಲಮ್ಮನ ಹೊಲಿಗೆ ಅಂಗಡಿ ಇದೆ. ಅಂಗಡಿ ಎಂದರೆ ದೊಡ್ಡದೇನಲ್ಲ. ಎರಡು ಮಷೀನು, ಒಂದು ಕನ್ನಡಿ, ಫಾಲ್ ಹಚ್ಚಲು ಬಂದ ಸೀರೆಗಳ ಗಂಟು, ಅಷ್ಟೆ. ಮೂವತ್ತರ ಹತ್ತಿರ ಬಂದಿರುವ, ಗಿಡ್ಡಗೆ ಸಣಕಲಾಗಿರುವ ಈ ಹೆಂಗಸು ಹೇಳಿದ ದಿನಕ್ಕೆ ಬ್ಲೌಸ್ ಕೊಡುತ್ತಾಳೆ. ಹೇಳಿದ ದಿನಕ್ಕೆ ಕೊಡುವ ಟೇಲರು ಸುತ್ತ ಹತ್ತೂರಲ್ಲಿ ಇನ್ನೊಬ್ಬರು ಹುಟ್ಟಿಲ್ಲವಾದ್ದರಿಂದ ಸಂಶಿಯ ಹೆಂಗಸರಿಗೆ ಈಕೆಯೆಂದರೆ ಬಲು ಅಕ್ಕರೆ. ಗಂಡ ಮೈಲಾರಿ ಟ್ರ್ಯಾಕ್ಟರ್ ಓಡಿಸುತ್ತಾನೆ. ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವ ಹಾಗೆ ಸುಮ್ಮನಿರುವ ಈ ಹೆಂಡತಿ ಒಂದು ಕಾಲಕ್ಕೆ ಖೋ ಖೋ ಆಡುತ್ತಿದ್ದಳು, ತಾಲೂಕಿನ ಫೈನಲ್‌ವರೆಗೂ ಹೋಗಿದ್ದಳು ಎಂದರೆ ಆ ಮೈಲಾರಿಯೇ ನಕ್ಕಾನು.

ಆದರೆ ಆಡಿದ್ದಳು. ಯರಗುಪ್ಪಿಯ ಹೈಸ್ಕೂಲ್ ತಂಡದಲ್ಲಿ ಎಲ್ಲರಿಗಿಂತ ಸಣ್ಣವಳಾಗಿ ಆಡಿದ್ದಳು. ಉಳಿದವರೆಲ್ಲ ಹತ್ತನೇ ತರಗತಿಯ ಹುಡುಗಿಯರು. ಸೀರೆ ಉಡಿಸಿದರೆ ಹೆಂಗಸರೇ ಅನ್ನಬೇಕು, ಅಂಥ ಎತ್ತರ. ಮಲ್ಲಿ ಎಂಟನೇ ತರಗತಿ. ಅದೂ ಒಂದು ವರ್ಷ ಮೊದಲೇ ಶಾಲೆಗೆ ಸೇರಿದವಳು, ಯಾಕೆಂದರೆ ತಾಯಿ ಫಕೀರವ್ವ ಮೆಣಸಿನಕಾಯಿ ಬಿಡಿಸಲು ಹೋದರೆ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಇರಲಿಲ್ಲ. ಹನ್ನೆರಡು ವರ್ಷದ ಮಲ್ಲಿ ನೋಡಲು ಒಂಬತ್ತರವಳ ಹಾಗಿದ್ದಳು. ಒಂದು ಬೆಳಿಗ್ಗೆ ಪ್ರಾರ್ಥನೆಗೆ ತಡವಾಗಿ ಬಂದ ಅವಳನ್ನು ಹಿಡಿಯಲು ಪಿ.ಟಿ. ಮಾಸ್ತರ ಇಲಿಯಾಸ್ ಸರ್ ಮೈದಾನದ ತುಂಬ ಓಡಿದರು. ಹಿಡಿಯಲಾಗಲಿಲ್ಲ. ಕೊನೆಗೆ ಧ್ವಜದ ಕಟ್ಟೆಗೆ ಕೈಕೊಟ್ಟು ಏದುಸಿರು ಬಿಡುತ್ತ, "ನಾಳಿಂದ ಸಂಜೀಕ ಆಟಕ್ಕ ಬಾ" ಎಂದರು. ಆಯ್ಕೆ ಎಂದರೆ ಇಷ್ಟೇ.

ತಂಡಕ್ಕೆ ಸೇರಿದ ದಿನವೇ ಹೆಸರು ಹೋಯಿತು. "ಸಣ್ಣಾಕಿ ಎಲ್ಲಿ?" "ಸಣ್ಣಾಕಿನ್ನ ಮುಂದ ಬಿಡ್ರಿ." ಮಲ್ಲಿಗೆ ಅದು ಸಿಟ್ಟು ತರಲಿಲ್ಲ, ಬದಲಿಗೆ ಹಿಗ್ಗು. ಮನೆಯಲ್ಲಿ ಆಕೆಯೇ ಹಿರಿಯಳು. ಕೆಳಗಿನ ಇಬ್ಬರ ಮೂಗು ಒರೆಸಿ ಒರೆಸಿ ಸಾಕಾದವಳಿಗೆ ಇಲ್ಲಿ ಸಣ್ಣವಳಾಗುವುದು ಸಿಕ್ಕಿತ್ತು. ಸಣ್ಣವರಿಗೆ ಚಾಕರಿ ಇದ್ದೇ ಇರುತ್ತದೆ, ಅದನ್ನು ಆಕೆ ಕಾಯುತ್ತಿದ್ದಳು. ಚೀಲ ಕಾಯಿ ಎಂದರು, ಕಾದಳು. ಸುಣ್ಣದ ಗೆರೆ ಹಾಕು ಎಂದರು, ಹಾಕಿದಳು. ನೀರು ತಾ ಎಂದು ಮಾತ್ರ ಯಾರೂ ಹೇಳಲಿಲ್ಲ. ಎಲ್ಲ ತಂಡಗಳಲ್ಲೂ ನೀರಿನ ಕೊಡ ಸಣ್ಣವರ ಪಾಲಿಗೆ. ತನಗೆ ಮಾತ್ರ ಭಾರ ಆದೀತೆಂದು ಬಿಟ್ಟಿದ್ದಾರೆ, ಎಷ್ಟು ಪ್ರೀತಿ ಇವರಿಗೆ ಎಂದು ಮಲ್ಲಿ ತಿಳಿದಿದ್ದಳು.

ಒಂದು ಸಂಜೆ ತಾನಾಗಿಯೇ ಕೊಡ ಎತ್ತಲು ಬಗ್ಗಿದಳು. "ಇಡ ಬೇ, ಇಡು. ಬಸಕ್ಕ ತರ್ತಾಳ" ಎಂದು ಒಬ್ಬಳು ತಂಡದ ಇನ್ನೊಬ್ಬಳ ಕಡೆ ಕೈ ತೋರಿಸಿ ನಗುನಗುತ್ತಲೇ ಅಂದಳು. ಮರುದಿನ ಮಲ್ಲಿಗೆಂದೇ ಬೇರೆ ಒಂದು ಬಾಟಲಿ ಬಂತು. ಬೈಗುಳವಿಲ್ಲ, ಜಗಳವಿಲ್ಲ, ಮುಖದಲ್ಲಿ ಒಂದು ಗಂಟೂ ಇಲ್ಲ. ಹಳ್ಳಿಗಳು ಬದಲಾಗಿವೆ ಎಂದು ಪೇಪರಿನವರು ಬರೆಯುತ್ತಾರಲ್ಲ, ಬದಲಾದದ್ದು ಹೀಗೆ. ಮೊದಲು ಬೈದು ದೂರ ಇಡುತ್ತಿದ್ದರು, ಈಗ ಬಾಟಲಿ ಕೊಟ್ಟು ಇಡುತ್ತಾರೆ. ಮಲ್ಲಿ ಆ ಬಾಟಲಿಯ ನೀರು ಕುಡಿದಳು, ಮನೆಯಲ್ಲಿ ಹೇಳಲಿಲ್ಲ.

ಖೋ ಖೋ ಆಟ ಗೊತ್ತಿರುವವರಿಗೆ ಗೊತ್ತು. ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬರ ಮುಖ ಆ ಕಡೆ, ಪಕ್ಕದವರ ಮುಖ ಈ ಕಡೆ. ಒಂಬತ್ತನೆಯವಳು ಎದುರಾಳಿಯನ್ನು ಅಟ್ಟಿಕೊಂಡು ಓಡುತ್ತಾಳೆ. ಅವಳು ಕೂತವಳ ಬೆನ್ನಿಗೆ ಕೈ ಹಾಕಿ 'ಖೋ' ಎನ್ನಬೇಕು. ಆಗ ಕೂತವಳು ಎದ್ದು ಓಡಬೇಕು, ಓಡಿಬಂದವಳು ಅಲ್ಲಿ ಕೂರಬೇಕು. ಕೈಯೂ ತಾಗಬೇಕು, ಮಾತೂ ಬರಬೇಕು. ಎರಡರಲ್ಲಿ ಒಂದು ತಪ್ಪಿದರೂ ಫೌಲ್. "ಕೈ ಮೊದಲ, ಬಾಯಿ ಆಮ್ಯಾಲ" ಎಂದು ಇಲಿಯಾಸ್ ಸರ್ ದಿನಾ ಗಂಟಲು ಹರಿದುಕೊಳ್ಳುತ್ತಿದ್ದರು.

ಮಲ್ಲಿಯ ಬೆನ್ನಿಗೆ ಮಾತ್ರ ಆ ಕೈಗಳು ಬರುತ್ತಿರಲಿಲ್ಲ. ಬಾಯಿ ಜೋರಾಗಿ 'ಖೋ' ಎನ್ನುತ್ತಿತ್ತು, ಕೈ ಅಂಗಿಯ ಹತ್ತಿರ ಬಂದು ನಿಲ್ಲುತ್ತಿತ್ತು. ತೀರ ಆದರೆ ಉಗುರಿನ ತುದಿ ಬಟ್ಟೆಗೆ ಸೋಕುತ್ತಿತ್ತು. ದೂರದಿಂದ ನೋಡುವ ಅಂಪೈರಿಗೆ ತಾಗಿದಂತೆಯೇ ಕಾಣುತ್ತಿತ್ತು. ಬೇಕೆಂದೇ ಮಾಡುತ್ತಿದ್ದರು ಎನ್ನಲೂ ಆಗದು. ಚಿಕ್ಕಂದಿನಿಂದ ಮನೆಯಲ್ಲಿ ಕಲಿತ ಕೈ, ಆಟದ ಅವಸರದಲ್ಲೂ ತಾನಾಗಿ ಹಿಂದೆ ಬರುತ್ತಿತ್ತು. ಕಾದರೆ ಬಾರದ ಕೈಗೆ ಕಾಯುತ್ತ ಕೂತರೆ ಆಟ ಕೆಡುತ್ತದೆ. ಹಾಗಾಗಿ ಮಲ್ಲಿ ಬೆನ್ನನ್ನು ಬಿಟ್ಟು ಕಿವಿಯನ್ನು ನಂಬಿದಳು. ಸದ್ದು ಬಿತ್ತೋ, ಎದ್ದಳು. ಅವಳಷ್ಟು ಬೇಗ ಏಳುವವರು ತಂಡದಲ್ಲೇ ಇರಲಿಲ್ಲ. ಇಲಿಯಾಸ್ ಸರ್‌ಗೆ ಇದು ಕಂಡಿತ್ತೋ ಇಲ್ಲವೋ. ಕಂಡಿದ್ದರೂ ಆ ಊರಿನಲ್ಲಿ ಅವರೇ ಹೊರಗಿನವರು, ಏನೆಂದಾರು?

ಒಬ್ಬಳ ಕೈ ಮಾತ್ರ ಬೇರೆ. ತಂಡದ ನಾಯಕಿ ಅಮೃತಾ. ಸಂಶಿ ಹಾದಿಯ ಕಪ್ಪು ಮಣ್ಣಿನ ಎರಿ ಹೊಲಗಳ ಒಡೆಯ ಶಂಭುಲಿಂಗಪ್ಪನವರ ಮಗಳು. ಅವಳು ಖೋ ಕೊಟ್ಟರೆ ಇಡೀ ಅಂಗೈ 'ಧಪ್' ಎಂದು ಬೆನ್ನಿಗೆ ಬೀಳುತ್ತಿತ್ತು, ಮಲ್ಲಿ ಒಂದು ಗೇಣು ಮುಂದಕ್ಕೇ ಹೋಗುತ್ತಿದ್ದಳು. ಶನಿವಾರದ ಬಿಳಿ ಅಂಗಿಯ ಮೇಲೆ ಐದೂ ಬೆರಳು ಎರಿಮಣ್ಣಿನಲ್ಲಿ ಮೂಡುತ್ತಿದ್ದವು. ಅಂಗಿ ಒಗೆಯಲು ಕೂತ ಫಕೀರವ್ವ ಗಾಬರಿಯಾಗಿ ಕೇಳಿದಳು:

"ಯಾರ ಹೊಡದ್ರ ನಿನಗ?"

"ಹೊಡದಿಲ್ಲಬೇ ಯವ್ವಾ. ಖೋ ಕೊಟ್ಟಾರ."

"ಯಾರು?"

"ಅಮೃತಕ್ಕ."

"ಶಂಭುಲಿಂಗಪ್ಪನೋರ ಮಗಳು?" ಫಕೀರವ್ವ ಆ ಬೆರಳುಗಳನ್ನು ನೋಡುತ್ತ ಕೂತಳು. ಆಮೇಲೆ ಸಾಬೂನು ಹಚ್ಚಿದಳು. ಆ ದಿನ ಬೆನ್ನಿನ ಭಾಗವನ್ನು ಅಷ್ಟಾಗಿ ತಿಕ್ಕಲಿಲ್ಲ.

ಮಲ್ಲಿ ಅಮೃತಾಳನ್ನು ಎಷ್ಟು ಹಚ್ಚಿಕೊಂಡಳೆಂದರೆ, ಅವಳಂತೆಯೇ ಎಡಗಡೆ ಬೈತಲೆ ತೆಗೆದು, ಅವಳಂತೆಯೇ ಸೋತಾಗ ತುಟಿ ಕಚ್ಚಿ, ಅವಳ ನೆರಳಾಗಿ ತಿರುಗಿದಳು. ಮೊದಲು "ಅಕ್ಕಾರ, ಹ್ಞೂಂರಿ" ಎನ್ನುತ್ತಿದ್ದಳು. ಅಮೃತಾ ಅವಳ ಕಿವಿ ಹಿಂಡಿ, "ಅಕ್ಕಾರ ಅಂದ್ರ ನಾ ಮುದುಕಿ ಆದಂಗ ಆಕ್ಕೈತಿ. ಅಕ್ಕಾ ಅನ್ನ ಬೇ" ಎಂದಳು. ಕಿವಿ ಎರಡು ದಿನ ಉರಿಯಿತು, ಮಲ್ಲಿಗೆ ಅದೂ ಸುಖವೇ.

ಆ ವರ್ಷ ತಂಡ ಎದುರಿಗೆ ಬಂದವರನ್ನೆಲ್ಲ ಸೋಲಿಸಿ ತಾಲೂಕಿನ ಫೈನಲ್ ಮುಟ್ಟಿತು. ಇತ್ತ ಶಂಭುಲಿಂಗಪ್ಪನವರು ಮಗಳ ಓದು ಹತ್ತನೇ ತರಗತಿಗೆ ಸಾಕೆಂದು ತೀರ್ಮಾನಿಸಿದ್ದರು. ಶಲವಡಿಯ ಒಂದು ಒಳ್ಳೆಯ ಮನೆತನದವರು ಆಗಲೇ ಕೇಳಿದ್ದರು. ಇಲಿಯಾಸ್ ಸರ್ ತಡೆಯಲಾರದೆ ಅವರ ಮನೆಗೆ ಹೋಗಿ, ಹುಡುಗಿ ಬುದ್ಧಿವಂತಳು, ಮುಂದೆ ಓದಿಸಿರಿ ಎಂದು ಕೇಳಿಕೊಂಡರು. ಶಂಭುಲಿಂಗಪ್ಪನವರು ಕೆಟ್ಟವರಲ್ಲ, ಆಡಿದ ಮಾತಿಗೆ ತಪ್ಪದವರು, ಅದೇ ಅವರ ತೊಡಕು.

"ಮಾಸ್ತರ, ಒಂದ ಮಾತ ಹೇಳ್ತೀನಿ. ಈ ಮ್ಯಾಚ್ ಗೆದ್ದು ಜಿಲ್ಲಾಕ್ಕ ಹೋದ್ಲಂದ್ರ ಹುಬ್ಬಳ್ಳಿ ಕಾಲೇಜಿಗೆ ನಾನ ಹೋಗಿ ಹೆಸರ ಹಚ್ಚಿ ಬರ್ತೀನಿ. ಸೋತ್ಲಂದ್ರ ಸಾಲೀನೂ ಸಾಕು, ಆಟಾನೂ ಸಾಕು. ಆಮ್ಯಾಲ ನೀವು ಇದನ್ನ ಕೇಳಾಕ ಬರಬಾರ್ದು."

ಮಾತು ಸಂಜೆಯೊಳಗೆ ಊರೆಲ್ಲ ಗೊತ್ತಾಯಿತು. ಮರುದಿನ ಅಮೃತಾ ತಂಡವನ್ನೆಲ್ಲ ಸುತ್ತ ಕೂರಿಸಿಕೊಂಡು, "ನನ್ನ ಕಾಲೇಜು ನಿಮ್ಮ ಕಾಲಾಗ ಐತಿ ನೋಡ್ರೆವಾ" ಎಂದು ನಕ್ಕಳು. ಮಲ್ಲಿ ನಗಲಿಲ್ಲ. ಅಂದಿನಿಂದ ಅವಳಿಗೆ ಆ ಮ್ಯಾಚೆಂದರೆ ಅಮೃತಕ್ಕನ ಕಾಲೇಜು, ಬೇರೇನೂ ಅಲ್ಲ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದಿಗೂ ಎದ್ದು ನಿಲ್ಲುವಷ್ಟು ಆ ಹುಡುಗಿ ಕಿವಿ ನಿಮಿರಿಸಿಕೊಂಡು ಬದುಕಿದಳು.

ಫೈನಲ್ ನಡೆದದ್ದು ಸಂಶಿಯಲ್ಲಿ. ಹಗ್ಗ ಕಟ್ಟಿದ್ದರು, ಹಗ್ಗದ ಆಚೆ ಮೂರು ಊರಿನ ಮಂದಿ. ಶಂಭುಲಿಂಗಪ್ಪನವರು ಆರು ವರ್ಷದ ಮಗ ಹೇಮಂತನನ್ನು ಬೈಕಿನ ಮುಂದೆ ಕೂರಿಸಿಕೊಂಡು ಬಂದು, ಹಗ್ಗದ ಹತ್ತಿರವೇ ನಿಂತರು. ಮೊದಲ ಪಾಳಿಯಲ್ಲಿ ಮಲ್ಲಿ ಸಿಗದೆ ಸಿಗದೆ ಎದುರಿನವರನ್ನು ಅಳಿಸಿದಳು. ಅವರ ಕೈ ಎತ್ತರದಲ್ಲಿ ಬೀಸಿದರೆ ಇವಳು ಕಂಕುಳ ಕೆಳಗಿಂದ ಪಾರು. "ಏ ಸಣ್ಣಾಕಿ! ಸಣ್ಣಾಕಿ!" ಎಂದು ಗೊತ್ತಿಲ್ಲದ ಊರಿನವರೂ ಕೂಗಿದರು. ಅಷ್ಟು ಜನ ಒಟ್ಟಿಗೆ ತನ್ನನ್ನು ಕರೆದದ್ದು ಆ ಜೀವಕ್ಕೆ ಅದೇ ಮೊದಲು.

ಆಮೇಲೆ ಹಿಡಿಯುವ ಪಾಳಿ. ಆಟ ಕೊನೆಗೆ ಬಂದಾಗ ಎದುರಿನವರಲ್ಲಿ ಒಬ್ಬಳೇ ಉಳಿದಿದ್ದಳು, ಕೆಂಪು ರಿಬ್ಬನ್ನಿನ ಎತ್ತರದ ಹುಡುಗಿ. ಅವಳು ಔಟಾದರೆ ಯರಗುಪ್ಪಿ ಗೆದ್ದಂತೆ, ಉಳಿದರೆ ಸೋತಂತೆ. ಅಟ್ಟುತ್ತಿದ್ದವಳು ಅಮೃತಾ. ಮಲ್ಲಿ ಸಾಲಿನ ನಡುವೆ ಕೂತಿದ್ದಳು, ಬೆನ್ನು ಹಗ್ಗದ ಕಡೆಗೆ. ಹಿಂದಿನಿಂದ ಅಮೃತಾಳ ಹೆಜ್ಜೆ ಹತ್ತಿರ ಬರುವುದು ನೆಲದಲ್ಲೇ ಗೊತ್ತಾಗುತ್ತಿತ್ತು. ಕೆಂಪು ರಿಬ್ಬನ್ನು ಒಂದು ಮಾರು ದೂರದಲ್ಲಿತ್ತು. ಅಮೃತಾಗೆ ಖೋ ಕೊಡುವ ಅಗತ್ಯವೇ ಇರಲಿಲ್ಲ, ಇನ್ನೊಂದು ಜಿಗಿತಕ್ಕೆ ತಾನೇ ಹಿಡಿಯುತ್ತಿದ್ದಳು.

ಆಗ ಹಗ್ಗದ ಹತ್ತಿರ ಹೇಮಂತ ಕುಣಿದಾಡಿ, ಇದ್ದಬದ್ದ ದನಿಯನ್ನೆಲ್ಲ ಕೂಡಿಸಿ ಕೂಗಿದ: "ಯಕ್ಕೋ!"

ಅಕ್ಕನನ್ನು ಕೂಗಿದ, ಅಷ್ಟೆ. ಆ ಗದ್ದಲದಲ್ಲಿ ಮೊದಲಿನ 'ಯ' ಎಲ್ಲಿ ಬಿತ್ತೋ, ಮಲ್ಲಿಯ ಬೆನ್ನ ಹಿಂದಿನಿಂದ ಬಂದು ಕಿವಿಗೆ ಬಡಿದದ್ದು 'ಖೋ'. ಬೆನ್ನಿಗೆ ಕೈ ಬಿದ್ದಿಲ್ಲ ಎಂಬುದು ಬೇರೆ ಯಾವ ಹುಡುಗಿಗಾದರೂ ತಿಳಿಯುತ್ತಿತ್ತು. ವರ್ಷವಿಡೀ ಕೈ ಇಲ್ಲದೆ ಎದ್ದು ರೂಢಿಯಾದವಳಿಗೆ ತಿಳಿಯಲಿಲ್ಲ. ಎದ್ದಳು, ಬಾಣದ ಹಾಗೆ ಓಡಿದಳು.

ಸೀಟಿ ಬಿತ್ತು. ಫೌಲ್. ಫೌಲಿನ ನಿಯಮದಂತೆ ಅಮೃತಾ ಕೈಗೆ ಬಂದವಳನ್ನು ಬಿಟ್ಟು ಹಿಂದಕ್ಕೆ ತಿರುಗಬೇಕಾಯಿತು, ಕೆಂಪು ರಿಬ್ಬನ್ನು ಮೈದಾನದ ಆ ತುದಿ ಸೇರಿತು. ಮತ್ತೆ ಅಟ್ಟುವುದರೊಳಗೆ ಉದ್ದನೆಯ ಸೀಟಿಯೂ ಬಿತ್ತು. ಎದುರಿನ ಊರಿನವರು ಹಗ್ಗ ಹರಿದುಕೊಂಡು ಒಳಗೆ ನುಗ್ಗಿದರು.

"ಯಾಕ ಎದ್ದಿ ಬೇ? ಯಾರ ಖೋ ಕೊಟ್ರ ನಿನಗ?" ಬಸಕ್ಕ ಮಲ್ಲಿಯ ಮುಖದ ಮುಂದೆ ಬಂದು ಕಿರುಚಿದಳು. ಉಳಿದವರೂ ಸುತ್ತುಗಟ್ಟಿದರು. "ಇಂಥಾಕಿನ್ನ ತಂಡದಾಗ ಹಾಕ್ಯಾರಲ್ಲ, ಇವರಿಗೆ..." ಎಂದು ಯಾರೋ ದೊಡ್ಡವರು ಹಿಂದಿನಿಂದ ಶುರುಮಾಡಿದರು. ಇಲಿಯಾಸ್ ಸರ್ ಓಡಿ ಬಂದರು. ಶಂಭುಲಿಂಗಪ್ಪನವರೂ ಮಗನ ಕೈ ಹಿಡಿದು ನಿಧಾನಕ್ಕೆ ಬಂದು ನಿಂತರು. ಹೇಮಂತ ಮತ್ತೆ "ಯಕ್ಕೋ" ಎಂದ, ತಾನು ಕೇಳಿ ಎದ್ದದ್ದು ಆ ದನಿಗೇ ಎಂದು ಮಲ್ಲಿಗೆ ಆಗ ತಿಳಿಯಿತು.

ಅಮೃತಾ ಮಲ್ಲಿಯನ್ನು ನೋಡಿದಳು. ಸುತ್ತ ನಿಂತವರನ್ನು ನೋಡಿದಳು. ಅಪ್ಪನನ್ನೂ ನೋಡಿದಳು. ಮುಂದಿನ ಮಾತು ಯಾರ ಓಣಿಗೆ ಹೋಗಿ ಮುಟ್ಟುತ್ತದೆ ಎಂಬುದು ಹದಿನಾರರ ಆ ಹುಡುಗಿಗೆ ಗೊತ್ತಾಯಿತು.

"ಸಣ್ಣಾಕೀದ ತಪ್ಪಿಲ್ರಿ ಸರ್" ಎಂದಳು. "ನಾನ ಖೋ ಅಂದೆ. ಕೈ ತಾಗಲಿಲ್ಲ."

ತಂಡದ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೈ ಯಾಕೆ ತಾಗಲಿಲ್ಲ ಎಂದು ಯಾರೂ ಕೇಳಲಿಲ್ಲ. ತಮ್ಮ ಕೈಗಳೇ ಅವರಿಗೆ ಉತ್ತರ ಹೇಳಿದ್ದವು. ಶಂಭುಲಿಂಗಪ್ಪನವರು, "ಇಷ್ಟ ಅವಸರದಾಕಿಗೆ ಆಟ ಯಾಕ್ರಿ ಮಾಸ್ತರ" ಎಂದಷ್ಟೇ ಅಂದು ಬೈಕಿನ ಕಡೆ ನಡೆದರು. ಅಮೃತಾ ಹಿಂದೆ ಕೂತಳು. ಮಲ್ಲಿ ಬಾಯಿ ತೆರೆದಳು, ತೆರೆದೇ ನಿಂತಳು, ಬೈಕು ಹೋಯಿತು.

ಮರುದಿನ ಅವಳು ಶಂಭುಲಿಂಗಪ್ಪನವರ ಮನೆಯ ಮುಂದೆ, ಕಟ್ಟೆಯ ಕೆಳಗೆ ನಿಂತು ಅಳುತ್ತಿದ್ದಳು. ಅಮೃತಾ ಹೊರಗೆ ಬಂದು, ಯಾರೂ ಇಲ್ಲದ ಕಡೆ ಕರೆದುಕೊಂಡು ಹೋಗಿ ಹೇಳಿದಳು:

"ಅಳಬ್ಯಾಡ. ಇದನ್ನ ಯಾರ ಮುಂದೂ ಬಾಯಿ ಬಿಡಬ್ಯಾಡ. ನನ್ನ ಆಣಿ ಐತಿ."

"ನಿನ್ನ ಕಾಲೇಜ ಅಕ್ಕಾ..."

"ಹೋಗ್ಲಿ ಬಿಡ ಬೇ. ನೀ ಓದು."

ಆಣೆಯೊಂದು ಸಣ್ಣ ಹುಡುಗಿಯ ಬಾಯಿಗೆ ಎಂಥ ಹೊಲಿಗೆ ಹಾಕುತ್ತದೆ ಎಂದು ದೊಡ್ಡವರಿಗೆ ಗೊತ್ತಿಲ್ಲ. ಸೋತ ಸುದ್ದಿ ಯರಗುಪ್ಪಿಯ ಓಣಿ ಓಣಿ ತಿರುಗಿತು, ತಿರುಗುತ್ತ ಬೇರೆಯೇ ಬಣ್ಣ ಹಚ್ಚಿಕೊಂಡಿತು. ಶಂಭುಲಿಂಗಪ್ಪನವರ ಮಗಳು ಮಲ್ಲಿಯನ್ನು ಮುಟ್ಟಲು ಹೇಸಿದಳಂತೆ, ಹಾಗಾಗಿ ಸೋತರಂತೆ. ಮಲ್ಲಿಯ ಮನೆಯಲ್ಲೂ ಅದೇ ಮಾತು. ಅಪ್ಪ ಮಂಜಪ್ಪ ರೊಟ್ಟಿ ಮುರಿಯುತ್ತ, "ಅವರು ಯಾಕ ಮುಟ್ಟತಾರಲೇ ನಮ್ಮನ್ನ? ಹುಚ್ಚಿ, ಆಡಾಕ ಹೋಗಿದ್ಲಂತ" ಎಂದು ನಕ್ಕ. ಆಕೆಯೊಬ್ಬಳೇ ಅಪ್ಪಾ, ಆಕೆಯೊಬ್ಬಳೇ ಮುಟ್ಟುತ್ತಿದ್ದವಳು ಎಂದು ಮಲ್ಲಿಗೆ ಕೂಗಿ ಹೇಳಬೇಕೆನ್ನಿಸಿತು. ಆಣೆ ನೆನಪಾಗಿ ತಟ್ಟೆಯ ಮೇಲೆ ಬಗ್ಗಿದಳು. ಅಂಗಿಯ ಮೇಲಿನ ಬೆರಳನ್ನು ಕಣ್ಣಾರೆ ಕಂಡಿದ್ದ ಫಕೀರವ್ವನೂ ಒಂದು ಮಾತು ಆಡಲಿಲ್ಲ, ಯಾಕೆ ಆಡಲಿಲ್ಲವೋ.

ಪರೀಕ್ಷೆ ಮುಗಿದ ಮೇಲೆ ಅಮೃತಾ ಮನೆಯಲ್ಲೇ ಉಳಿದಳು. ಹದಿನೆಂಟು ತುಂಬಿದ ವರ್ಷವೇ ಶಲವಡಿಗೆ ಮದುವೆಯಾಗಿ ಹೋದಳು. ಇಲಿಯಾಸ್ ಸರ್‌ಗೆ ವರ್ಗವಾಯಿತು. ಮಲ್ಲಿ ಮತ್ತೆ ಮೈದಾನಕ್ಕೆ ಇಳಿಯಲಿಲ್ಲ. ಹತ್ತನೇ ತರಗತಿಯಾದ ಮೇಲೆ ಹೊಲಿಗೆ ಕಲಿತಳು, ಮೈಲಾರಿಯನ್ನು ಮದುವೆಯಾದಳು, ಸಂಶಿಗೆ ಬಂದಳು. ದಿನಗಳು ಚೆನ್ನಾಗಿಯೇ ಕಳೆದವು. ಆದರೂ ಬ್ಲೌಸಿನ ಬೆನ್ನು ಕತ್ತರಿಸುವಾಗ ಒಮ್ಮೊಮ್ಮೆ ಕೈ ನಿಲ್ಲುತ್ತಿತ್ತು. ಜಗತ್ತು ತನ್ನನ್ನು ದೂರವಿಟ್ಟಾಗಲೆಲ್ಲ, ಮನೆ ಬಾಡಿಗೆ ಕೇಳಲು ಹೋಗಿ ಅಡ್ಡಹೆಸರು ಕೇಳಿಸಿಕೊಂಡು ಬಂದಾಗಲೆಲ್ಲ, ಮಲ್ಲಮ್ಮ ಒಂದು ಸಂಗತಿಯನ್ನು ತನ್ನೊಳಗೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು: ಎಲ್ಲರೂ ಹಾಗಲ್ಲ. ಒಬ್ಬಳಿದ್ದಳು.

ಈ ಸಲ ಹಿಂಗಾರಿ ಬಿತ್ತನೆ ಮುಗಿದ ಹೊತ್ತಿಗೆ ಹೇಮಂತ ಅವಳ ಅಂಗಡಿಗೆ ಬಂದ. ಈಗ ಮೀಸೆ ಹೊತ್ತ ಗಂಡಸು, ಹೆಂಡತಿಯ ಬ್ಲೌಸು ಒಯ್ಯಲು ಬಂದಿದ್ದ. ಮಾತಿಗೆ ಮಾತು ಬಂದು ಗುರುತು ಹತ್ತಿತು.

"ನೀವಽ ಏನ್ರಿ ಆ ಸಣ್ಣಾಕಿ? ನಮ್ಮಕ್ಕ ಈಗೂ ಆ ಮ್ಯಾಚಿಂದ ಹೇಳ್ತಾಳ ನೋಡ್ರಿ. ನಂದ ತಪ್ಪು, ನಂದ ತಪ್ಪು ಅಂತಾಳ. ಅಪ್ಪ ತೀರಕೊಂಡ ಮ್ಯಾಲಂತೂ ಭಾಳ ಹಚ್ಚಿಕೊಂಡಾಳ."

ಮಲ್ಲಮ್ಮ ಅವನನ್ನೇ ನೋಡಿದಳು. ಅಂದು ಕೂಗಿದವನು ಇವನೇ. ಅದನ್ನು ಅವನಿಗೆ ಹೇಳಲಿಲ್ಲ. ಆರು ವರ್ಷದ ಕೂಗಿಗೆ ಮೀಸೆ ಬಂದ ಮೇಲೆ ದಂಡ ಹಾಕುವುದು ಅವಳಿಂದ ಆಗುವ ಕೆಲಸವಲ್ಲ. ಆದರೆ ಆ ರಾತ್ರಿಯೇ ನಿಶ್ಚಯಿಸಿದಳು. ಆಣೆ ಹಾಕಿಸಿದ ಕಾರಣಗಳೆಲ್ಲ ಮುಗಿದಿವೆ, ಶಂಭುಲಿಂಗಪ್ಪನವರೇ ಇಲ್ಲ. ಇನ್ನು ಅಕ್ಕ ಈ ಸುಳ್ಳನ್ನು ಹೊರಬೇಕಿಲ್ಲ. ಎಲ್ಲರ ಮುಂದೆ ನಿಜ ಹೇಳು, ಎದ್ದವಳು ನಾನು, ತಪ್ಪು ನಿನ್ನದಲ್ಲ ಎಂದು ಹೇಳಿ ಬರಬೇಕು. ಹಾಗೆಂದು ಭಾನುವಾರ ಒಳ್ಳೆಯ ಸೀರೆ ಉಟ್ಟು, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಶಲವಡಿಗೆ ಹೋದಳು.

ಅಮೃತಾ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ಮಲ್ಲಮ್ಮ ಹೆಸರು ಹೇಳಿದ್ದೇ ತಡ, ಅಂಗಳದಲ್ಲಿ ಹರವಿದ್ದ ಉಳ್ಳಾಗಡ್ಡಿಯನ್ನು ದಾಟಿ ಬಂದು ಕೈ ಹಿಡಿದು ಎಳೆದುಕೊಂಡು ಹೋದಳು. ಪಡಸಾಲೆಯಲ್ಲಿ ನಿಲ್ಲಿಸಲಿಲ್ಲ, ಸೀದಾ ಅಡುಗೆಮನೆಗೆ. ತನ್ನ ತಟ್ಟೆಯಲ್ಲೇ ಬಡಿಸಿದಳು, ತುತ್ತು ಮಾಡಿ ಬಾಯಿಗಿಟ್ಟಳು. ಕೈ, ಭುಜ, ಗಲ್ಲ ಎಂದು ಮತ್ತೆ ಮತ್ತೆ ಮುಟ್ಟಿದಳು. ಮಲ್ಲಮ್ಮನಿಗೆ ಯಾಕೋ ಕಸಿವಿಸಿಯಾಯಿತು. ಆ ಹಳೆಯ ಕೈ ಹೀಗೆ ಯೋಚಿಸಿ ಮುಟ್ಟುತ್ತಿರಲಿಲ್ಲ. ಹದಿಮೂರು ವರ್ಷದ ಮಗಳು ರೋಹಿಣಿ ಬಾಗಿಲ ಹತ್ತಿರ ನಿಂತು ಕಣ್ಣರಳಿಸಿ ನೋಡುತ್ತಿದ್ದಳು.

"ಅಕ್ಕಾ, ನಿನಗೊಂದ ಮಾತ ಹೇಳಬೇಕಾಗಿತ್ತು" ಎಂದಳು ಮಲ್ಲಮ್ಮ.

"ನನಗೂ ಐತಿ. ನಾ ಮೊದಲ ಹೇಳ್ತೀನಿ, ದೊಡ್ಡಾಕಿ ನಾನು." ಅಮೃತಾ ಸೆರಗಿನಿಂದ ಕೈ ಒರೆಸಿಕೊಂಡಳು. "ಅವತ್ತ ಸಂಶ್ಯಾಗ ನಾ ಖೋ ಅಂದೆ, ನಿನ್ನ ಮುಟ್ಟಲಿಲ್ಲ. ಕೈ ತಾಗಲಿಲ್ಲ ಅಂತ ಎಲ್ಲಾರ ಮುಂದ ಹೇಳಿದೆ, ಯಾಕ ತಾಗಲಿಲ್ಲ ಅಂತ ಹೇಳಲಿಲ್ಲ. ಎದುರಿಗೆ ಅಪ್ಪ ನಿಂತಿದ್ದ ಮಲ್ಲೀ. ಅವನ ಮುಂದ ನಿನ್ನ ಹೆಂಗ ಮುಟ್ಟೂದಂತ ಕೈ ಹಿಂದಕ ಬಂತು. ಜಾತಿ ನೋಡ್ತು ಆ ಕೈ. ಅದಕ್ಕ ನನ್ನ ಬಾಳೇವು ಹಿಂಗಾತು. ಈಕಿ ಮುಂದೂ ಹೇಳೀನಿ, ನಾ ಅಂಥಾ ತಪ್ಪ ಮಾಡೀನಿ, ನೀ ಮಾಡಬ್ಯಾಡ ಅಂತ."

ಅಮೃತಾ ತಟ್ಟನೆ ಬಗ್ಗಿ ಅವಳ ಕಾಲಿಗೆ ಕೈ ಚಾಚಿದಳು. ಮಲ್ಲಮ್ಮ ಗಾಬರಿಯಿಂದ ಕಾಲೆಳೆದುಕೊಂಡು ಅವಳ ಎರಡೂ ಕೈ ಹಿಡಿದಳು.

"ಅಕ್ಕಾ! ನೀ ಖೋ ಅಂದಽ ಇಲ್ಲ. ಹೇಮಂತ ಯಕ್ಕೋ ಅಂತ ಒದರಿದ್ದ, ನಾ ಖೋ ಅಂತ ತಿಳದು ಎದ್ದೆ. ತಪ್ಪ ನಂದು. ನನ್ನ ಉಳಸಾಕ ನೀ ಸುಳ್ಳ ಹೇಳಿದಿ. ಮರುದಿನ ಆಣಿ ಹಾಕ್ಸಿದಿ, ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ."

"ಆಣಿ?" ಅಮೃತಾ ನೆನಪು ಮಾಡಿಕೊಳ್ಳುವವಳಂತೆ ಹುಬ್ಬು ಗಂಟಿಕ್ಕಿದಳು. ಆಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕಳು. ಮಕ್ಕಳ ಮಾತಿಗೆ ನಗುತ್ತೇವಲ್ಲ, ಹಾಗೆ. "ನನಗ ಸಮಾಧಾನ ಮಾಡಾಕ ಇಷ್ಟ ದೂರ ಬಂದಿ? ನೀ ಸಣ್ಣಾಕಿ ಇದ್ದಿ ಬೇ. ನಿನಗೇನ ನೆನಪ ಇರ್ತೈತಿ."

"ನೆನಪೈತಿ. ಉಳದಾವ್ರು ಯಾರೂ ಮುಟ್ಟತಿದ್ದಿಲ್ಲ ಅಕ್ಕಾ. ನೀ ಒಬ್ಬಾಕಿ ಮುಟ್ಟತಿದ್ದಿ. ದಿನಾ ಮುಟ್ಟತಿದ್ದಿ. ನಿನ್ನ ಕೈ ಹೆಂಗ ಬೀಳತಿತ್ತಂದ್ರ, ನಮ್ಮವ್ವ ನನ್ನ ಯಾರೋ ಹೊಡದಾರಂತ ತಿಳಕೊಂಡಿದ್ಲು."

ಅಮೃತಾ ತಲೆ ಅಲ್ಲಾಡಿಸಿದಳು. "ನಾನೂ ಅವರೊಳಗ ಒಬ್ಬಾಕಿ, ಮಲ್ಲೀ. ನಿನ್ನ ಮನಸ್ಸ ದೊಡ್ಡದು, ಅದಕ್ಕ ಹಿಂಗ ಹೇಳ್ತಿ."

ಸುಳ್ಳನ್ನು ಹೇಳಿ ಹೇಳಿ, ಯಾಕೆ ಹೇಳಿದೆನೆಂಬುದು ಸವೆದು ಹೋಗಿ, ಅಮೃತಾಳಲ್ಲಿ ಸುಳ್ಳೊಂದೇ ಉಳಿದಿತ್ತು. ಮೊದಲು ಅಪ್ಪನೆದುರು ಹೇಳಿರಬೇಕು, ಆಮೇಲೆ ಗಂಡನೆದುರು, ಆಮೇಲೆ ಮಗಳೆದುರು. ಊರು ಹಚ್ಚಿದ ಬಣ್ಣವನ್ನೂ ತನ್ನದೆಂದೇ ತಿಳಿದಿದ್ದಳು. ಮಲ್ಲಮ್ಮ ಇನ್ನೊಮ್ಮೆ ಹೇಳಿದಳು, ಮತ್ತೊಮ್ಮೆ ಹೇಳಿದಳು, ಕೊನೆಗೆ ಮಕ್ಕಳ ಹಾಗೆ ಅಳುತ್ತ ಹೇಳಿದಳು. ಹೇಳಿದಷ್ಟೂ ಅಮೃತಾಳ ಕಣ್ಣಲ್ಲಿ ಇವಳ ಮನಸ್ಸು ದೊಡ್ಡದಾಗುತ್ತಲೇ ಹೋಯಿತು, ಮಾತು ಮಾತ್ರ ಸಣ್ಣಾಕಿಯದಾಗಿಯೇ ಉಳಿಯಿತು. ಬಾಗಿಲಲ್ಲಿ ನಿಂತ ರೋಹಿಣಿ ತನ್ನ ತಾಯಿಯನ್ನು ನೋಡುತ್ತಿದ್ದ ರೀತಿಯನ್ನೂ ಮಲ್ಲಮ್ಮ ಕಂಡಳು. ತಪ್ಪೊಪ್ಪಿಕೊಂಡ ತಾಯಿಯ ಬಗ್ಗೆ ಆ ಹುಡುಗಿಗೆ ಎಷ್ಟು ಹೆಮ್ಮೆ! ಕಾಲೇಜು ಸಿಗದವಳಿಗೆ ಇದೊಂದು ಸಿಕ್ಕಿತ್ತು.

"ನನ್ನ ಮ್ಯಾಲ ಸಿಟ್ಟಿಲ್ಲ ಅಂತ ಒಂದ ಮಾತ ಹೇಳವಾ. ಮಾಫ್ ಮಾಡೀನಿ ಅನ್ನು. ಇಷ್ಟ ವರ್ಷ ಕಾದೀನಿ." ಅಮೃತಾ ಅವಳ ಗಲ್ಲ ಹಿಡಿದು ಬೇಡಿಕೊಂಡಳು.

ಇಲ್ಲ ಎನ್ನಬೇಕಿತ್ತು. ಮಾಡದ ತಪ್ಪಿಗೆ ಮಾಫಿ ಎಲ್ಲಿಂದ ತರಲಿ ಎನ್ನಬೇಕಿತ್ತು. ಆದರೆ ಎದುರಿಗಿದ್ದವಳ ಮುಖ ನೋಡಿ ಮಲ್ಲಮ್ಮನ ಎದೆ ತಡೆಯಲಿಲ್ಲ.

"ಮಾಫ್ ಮಾಡೀನಕ್ಕಾ" ಎಂದಳು.

ಅಮೃತಾ ನಿಟ್ಟುಸಿರು ಬಿಟ್ಟು, ಹಗುರಾಗಿ, ಕಣ್ಣೊರೆಸಿಕೊಂಡು ಚಹಾಕ್ಕೆ ಇಡಲು ಎದ್ದಳು. ಮಲ್ಲಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತಳು. ಒಬ್ಬಳಿದ್ದಳು ಎಂಬುದೂ ಆ ಮಾತಿನೊಂದಿಗೆ ಹೋಯಿತು. ಇನ್ನು ಮೇಲೆ, ಯರಗುಪ್ಪಿಯ ಆ ತಂಡದಲ್ಲಿ ಸಣ್ಣಾಕಿಯನ್ನು ಯಾರೂ ಮುಟ್ಟಿರಲಿಲ್ಲ.